ಸಾರ್ವಜನಿಕ ಹಸಿರು ಜಾಗದ ಅಂಚಿಗೆ ದೇಸಿ ಗಿಡಗಳ ಜೀವಂತ ಬೇಲಿ: ಯಾವ ಗಿಡ, ಎಷ್ಟು ಅಂತರ, ಕತ್ತರಿ ಯಾವಾಗ?

ಕೆಂಪುಮಣ್ಣು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಊರವರೆಲ್ಲ ಬಳಸುವ ಒಂದು ಹಸಿರು ಜಾಗದ ಎರಡು ಬದಿಗೆ, ಒಟ್ಟು 100 ಮೀಟರ್ ಉದ್ದಕ್ಕೆ, ನಮ್ಮ ನೆಲದ ಗಿಡಗಳದ್ದೇ ಬೇಲಿ ಎಬ್ಬಿಸಬೇಕಿದೆ. ಜಾಗದ ವಿವರ ಹೀಗಿದೆ:

ಪೂರ್ವದ ಬದಿ 60 ಮೀಟರ್. ಕೆಂಪು ಗರಸು ಮಣ್ಣು, ಒಂದು ಅಡಿ ಕೆಳಗೆ ಹಾರೆ ಹಾಕಿದರೆ ಠಣ್ ಅನ್ನುವಷ್ಟು ಗಟ್ಟಿ. ಸ್ವಲ್ಪ ಇಳಿಜಾರಿದೆ, ಕೆಳತುದಿಯ 15 ಮೀಟರಿನಲ್ಲಿ ಮಳೆಗಾಲದಲ್ಲಿ ನೀರು ನಿಲ್ಲುತ್ತೆ. ಮೇಕೆ, ದನ ನುಗ್ಗುವುದು ಈ ಕಡೆಯಿಂದಲೇ. ಉತ್ತರದ ಬದಿ 40 ಮೀಟರ್. ಅದರ ಪಕ್ಕದಲ್ಲೇ ನಡೆಯುವ ದಾರಿ, ಮಕ್ಕಳು ಆಡುವ ಜಾಗ. ಈಗ ಎರಡೂ ಬದಿಯಲ್ಲಿ ಲಂಟಾನ ಬೆಳೆದು ನಿಂತಿದೆ, ನಡುವೆ ಮೂರು ಬಳ್ಳಾರಿ ಜಾಲಿ.

ಕೆಲವರು ಡುರಂಟಾ ಹಾಕಿ, ಬೇಗ ಬರುತ್ತೆ ಅಂತಾರೆ. ಇನ್ನು ಕೆಲವರು ಏನೇ ಹಾಕಿದರೂ ಒಂದೇ ಜಾತಿ ಹಾಕಿ, ನೋಡೋಕೆ ಒಪ್ಪವಾಗಿರುತ್ತೆ ಅಂತಾರೆ. ಎಷ್ಟು ಸಸಿ ಬೇಕು, ಗುಂಡಿ ಸಾಕೋ ಟ್ರೆಂಚ್ ಬೇಕೋ, ಮೊದಲ ಎರಡು ವರ್ಷದ ಆರೈಕೆ ಹೇಗೆ ಅನ್ನೋದನ್ನ ತಿಳಿದವರು ವಿವರವಾಗಿ ಹೇಳಿ.

ಬದುಬೇಲಿ:

ಮೊದಲು ಡುರಂಟಾ ವಿಷಯ ಮುಗಿಸೋಣ. ಅದು ಅಮೆರಿಕ ಖಂಡದ ಗಿಡ, ಅದರ ಹಳದಿ ಕಾಯಿ ವಿಷ. ಮಕ್ಕಳಾಡುವ ಕಡೆ ಬೇಡವೇ ಬೇಡ.

ಒಂದೇ ಜಾತಿಯೂ ಬೇಡ. ಒಂದು ರೋಗವೋ ಒಂದು ಕಡುಬೇಸಿಗೆಯೋ ಬಂದರೆ ಸಾಲಿಗೆ ಸಾಲೇ ಹೋಗುತ್ತೆ. ಅದಕ್ಕಿಂತ ಮುಖ್ಯವಾಗಿ, ಒಂದು ಜಾತಿ ವರ್ಷಕ್ಕೆ ಒಂದು ಹೊತ್ತು ಹೂ ಬಿಟ್ಟು ಸುಮ್ಮನಾಗುತ್ತೆ. ಆರು ಜಾತಿ ಇದ್ದರೆ ಜೇನಿಗೆ, ಹಕ್ಕಿಗೆ ಯಾವ ತಿಂಗಳಲ್ಲೂ ಏನಾದರೊಂದು ಸಿಗುತ್ತೆ.

ನಿಮ್ಮ ಮಣ್ಣಿಗೆ ಹೊಂದುವವು ಇವು:

ಕವಳೆ (ಕರಂಡೆ): ಬೇಲಿಯ ಬೆನ್ನೆಲುಬು. ಕವಲೊಡೆದ ಗಟ್ಟಿ ಜೋಡಿ ಮುಳ್ಳು, ವರ್ಷವಿಡೀ ಎಲೆ, ಬುಡದಿಂದಲೇ ಕೊಂಬೆ. ಒಮ್ಮೆ ಬೆಳೆದು ಹೆಣೆದುಕೊಂಡರೆ ಮೇಕೆಯೂ ತಲೆ ತೂರಿಸಲ್ಲ. ಆದರೆ ನಿಧಾನ, ಮೊದಲ ವರ್ಷ ಬೆಳೆದದ್ದೇ ಗೊತ್ತಾಗಲ್ಲ. ನಿಂತ ನೀರು ತಡೆಯಲ್ಲ.

ಲಕ್ಕಿ: ಹಳ್ಳದ ದಂಡೆಯ ಗಿಡ, ಬುಡ ತೇವವಿದ್ದರೂ ಸರಿ. ದನ ಮುಟ್ಟಲ್ಲ. ಕಡ್ಡಿ ಊರಿದರೆ ಬರುತ್ತೆ, ಎಷ್ಟು ಕಡಿದರೂ ಚಿಗುರುತ್ತೆ. ಇದರ ತಿಳಿನೀಲಿ ಹೂವಿಗೆ ಜೇನು ಮುಗಿಬೀಳುತ್ತೆ.

ಬಂದರಿಕೆ: ಬರಡು ಗರಸಿನಲ್ಲೂ ಬೆಳೆಯುತ್ತೆ. ಎಲೆ ಅಂಟಂಟು, ಮೇಕೆಗೂ ಅಷ್ಟಾಗಿ ಸೇರಲ್ಲ. ಇದಕ್ಕೂ ನೀರು ನಿಂತರೆ ಬೇರು ಕೊಳೆಯುತ್ತೆ.

ಆಡುಸೋಗೆ: ನೆರಳಿದ್ದರೂ ಬೆಳೆಯುವ ಪೊದೆ, ಇದೂ ಕಡ್ಡಿಯಿಂದ. ಆಡು ಬಾಯಿ ಹಾಕಲ್ಲ.

ತಂಗಡಿ (ಆವರಿಕೆ): ಹಳದಿ ಹೂ, ಬೇಗ ಬೆಳೆದು ಸಾಲು ತುಂಬಿಸುತ್ತೆ. ಆಯುಷ್ಯ ಕಮ್ಮಿ. ಕವಳೆ ಮೇಲೇಳುವ ತನಕ ಜಾಗ ಹಿಡಿದುಕೊಂಡಿರಲಿ ಅಂತ ಹಾಕುವುದು.

ಕಾಡುಕರಿಬೇವು: ಬಿಳಿ ಘಮಘಮ ಹೂವಿನ ಕಾಮಿನಿ. ಒಂದು ಎಚ್ಚರಿಕೆ: ಹತ್ತಿರದಲ್ಲಿ ನಿಂಬೆ, ಕಿತ್ತಳೆ ತೋಟ ಇದ್ದರೆ ಇದನ್ನು ಬಿಡಿ. ಆ ಗಿಡಗಳಿಗೆ ರೋಗ ಹರಡುವ ಸಿಲ್ಲಿಡ್ ಕೀಟಕ್ಕೆ ಇದು ಅಚ್ಚುಮೆಚ್ಚು.

ಲೆಕ್ಕ: ಎರಡು ಸಾಲು, ಸಾಲಿನ ನಡುವೆ 45 ಸೆಂಟಿಮೀಟರ್, ಸಾಲಿನೊಳಗೆ ಗಿಡದಿಂದ ಗಿಡಕ್ಕೆ 50. ಎರಡನೇ ಸಾಲಿನ ಗಿಡ ಮೊದಲ ಸಾಲಿನ ಎರಡು ಗಿಡಗಳ ನಡುವೆ ಬರಬೇಕು. 100 ಮೀಟರಿಗೆ 400 ಸಸಿ. ಮೇಲೆ 40 ಹೆಚ್ಚು ತರಿಸಿ, ಅದೇ ವಯಸ್ಸಿನವು. ಅವನ್ನು ಸ್ವಲ್ಪ ದೊಡ್ಡ ಚೀಲಕ್ಕೆ ಬದಲಾಯಿಸಿ ಒಂದು ಮೂಲೆಯಲ್ಲಿ ಬೆಳೆಸಿಕೊಳ್ಳಿ. ಮುಂದಿನ ವರ್ಷ ಸತ್ತ ಗಿಡದ ಜಾಗಕ್ಕೆ ಪುಟ್ಟ ಸಸಿ ತಂದು ನೆಟ್ಟರೆ ಅಕ್ಕಪಕ್ಕದವು ಅದನ್ನು ನುಂಗಿಬಿಡುತ್ತವೆ.

ಎಲ್ಲಕ್ಕಿಂತ ಹೆಚ್ಚಾಗಿ ಆಗುವ ತಪ್ಪು ಒಂದಿದೆ. ಮಿಶ್ರ ಬೇಲಿ ಅಂದ ತಕ್ಷಣ ಒಂದು ಕವಳೆ, ಒಂದು ಲಕ್ಕಿ, ಒಂದು ಬಂದರಿಕೆ ಅಂತ ಮಣಿ ಪೋಣಿಸಿದ ಹಾಗೆ ನೆಡಬೇಡಿ. ಲಕ್ಕಿ ಎರಡೇ ಮಳೆಗಾಲದಲ್ಲಿ ಆಳೆತ್ತರ ಹೋಗುತ್ತೆ, ಕೆಳಗಿನ ಕವಳೆ ಬಿಸಿಲಿಲ್ಲದೆ ಸೊರಗುತ್ತೆ. ಒಂದೇ ಜಾತಿಯ ಐದರಿಂದ ಏಳು ಗಿಡ ಒಟ್ಟಿಗೆ, ಆಮೇಲೆ ಮುಂದಿನ ಜಾತಿ. ಕವಳೆಯ ಗುಂಪು ಮಾತ್ರ ಇನ್ನೂ ದೊಡ್ಡದಿರಲಿ, ಹತ್ತು ಹನ್ನೆರಡು.

ನೆರಳು:

ಗಿಡಗಳ ಪಟ್ಟಿ ಒಪ್ಪಿದೆ, ಆದರೆ ಉತ್ತರದ ಬದಿಗೆ ಕವಳೆ ಬೇಡ. ದಾರಿಯ ಅಂಚಿಗೆ ಮುಳ್ಳುಗಿಡ ಹಾಕಿದರೆ ವರ್ಷವಿಡೀ ಕತ್ತರಿ ಹಿಡಿದೇ ಇರಬೇಕು, ಚೆಂಡು ಒಳಗೆ ಹೋದಾಗಲೆಲ್ಲ ಮಕ್ಕಳ ಕೈಗೆ ಗೀರು. ಮುಳ್ಳು ಬೇಕಿರುವುದು ಮೇಕೆ ಬರುವ ಪೂರ್ವದ ಬದಿಗೆ. ಅಲ್ಲಿಯೂ ದಾರಿಯಿಂದ ಕನಿಷ್ಠ ಒಂದೂವರೆ ಮೀಟರ್ ದೂರ ಇರಲಿ.

ಗಿಡ ಇಂದು ಎಷ್ಟು ದಪ್ಪ ಅಂತ ನೋಡಿ ಗೆರೆ ಹಾಕಬೇಡಿ. ಬೆಳೆದ ಬೇಲಿಯ ಅಗಲ 1.2ರಿಂದ 1.5 ಮೀಟರ್. ಹಾಗಾಗಿ ದಾರಿಯ ಅಂಚಿನಿಂದ ಮೊದಲ ಸಾಲಿಗೆ ಒಂದು ಮೀಟರ್ ಬಿಡಬೇಕು. ಹಿಂದೆ ಗೋಡೆ ಇದ್ದರೆ ಅಲ್ಲಿಯೂ ಒಬ್ಬರು ಕತ್ತರಿ ಹಿಡಿದು ನಡೆಯುವಷ್ಟು ಜಾಗ ಬಿಡಿ, ಇಲ್ಲವಾದರೆ ಆ ಬದಿಯನ್ನು ಯಾರೂ ಯಾವತ್ತೂ ಕತ್ತರಿಸಲ್ಲ. ದಾರಿ ತಿರುಗುವ ಕಡೆ, ಗೇಟಿನ ಎರಡೂ ಪಕ್ಕ ಬೇಲಿಯ ಎತ್ತರ 90 ಸೆಂಟಿಮೀಟರ್ ಮೀರದಿರಲಿ. ಆಚೆ ಬದಿ ಕಾಣದ ಜಾಗದಲ್ಲಿ ನಡೆಯಲು ಜನ ಹಿಂಜರಿಯುತ್ತಾರೆ, ಆಮೇಲೆ ಬೇಲಿ ಕಡಿಸಿ ಅಂತ ಅರ್ಜಿ ಬರುತ್ತೆ.

ವಿಷದ ಗಿಡಗಳ ಬಗ್ಗೆ ಇನ್ನೊಂದು ಮಾತು. ಕಣಗಿಲೆ ಬೇಡ, ಅದರ ಎಲೆ, ಹೂ, ತೊಗಟೆ ಎಲ್ಲವೂ ವಿಷ. ಕಳ್ಳಿ ಬೇಡ, ಹಾಲು ಕಣ್ಣಿಗೆ ಸಿಡಿದರೆ ಅಪಾಯ. ಬೇಲಿ ಮೇಲೆದ್ದ ಮೇಲೆ ಹಕ್ಕಿ ತಂದ ಬೀಜದಿಂದ ಗುಲಗಂಜಿ ಬಳ್ಳಿ ಹುಟ್ಟಬಹುದು. ಕೆಂಪು ಮೈ, ಕಪ್ಪು ಚುಕ್ಕೆಯ ಆ ಬೀಜ ಮಕ್ಕಳ ಕಣ್ಣಿಗೆ ಬೇಗ ಬೀಳುತ್ತೆ, ಅಗಿದು ನುಂಗಿದರೆ ಪ್ರಾಣಕ್ಕೇ ಕುತ್ತು. ಅದು ಕಾಣಿಸಿದ ದಿನವೇ ಬೇರುಸಹಿತ ಕೀಳಿ.

ಬದುಬೇಲಿ:

ನೆರಳು ಹೇಳಿದ್ದು ಸರಿ. ಹಾಗಾದರೆ 400ರ ಹಂಚಿಕೆ ಹೀಗಿರಲಿ. ಪೂರ್ವದ ಒಣ 45 ಮೀಟರಿಗೆ ಕವಳೆ 110, ಬಂದರಿಕೆ 40, ತಂಗಡಿ 30. ನೀರು ನಿಲ್ಲುವ 15 ಮೀಟರಿಗೆ ಲಕ್ಕಿ 45, ಹೊಂಗೆ 15. ಹೊಂಗೆ ನೀರು ನಿಂತರೂ ತಡೆಯುತ್ತೆ, ಮರ ಮಾಡದೆ ತುದಿ ಚಿವುಟುತ್ತಾ ಪೊದೆಯಾಗಿಯೇ ಇಟ್ಟುಕೊಳ್ಳಬಹುದು. ಉತ್ತರದ 40 ಮೀಟರಿಗೆ ಲಕ್ಕಿ 50, ಆಡುಸೋಗೆ 40, ಬಂದರಿಕೆ 40, ಕಾಡುಕರಿಬೇವು 30.

ಗುದ್ದಲಿ:

ಗುಂಡಿಯೋ ಟ್ರೆಂಚೋ ಅಂದ್ರಲ್ಲ, ನಿಮ್ಮ ಗರಸಿಗೆ ಟ್ರೆಂಚೇ. ಗಟ್ಟಿ ನೆಲದಲ್ಲಿ ಒಂದಡಿ ಗುಂಡಿ ತೋಡಿದರೆ ಅದು ಮಣ್ಣಿನ ಕುಂಡ ಇದ್ದ ಹಾಗೆ. ಮಳೆ ಬಂದರೆ ನೀರು ಹೊರಗೆ ಹೋಗಲ್ಲ, ಬೇರು ಗೋಡೆಗೆ ತಾಗಿ ಒಳಗೇ ಸುತ್ತುತ್ತೆ. ಎರಡು ವರ್ಷ ಚೆನ್ನಾಗಿದ್ದ ಗಿಡ ಮೂರನೇ ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಒಣಗುವುದು ಹೀಗೆಯೇ.

ಮೊದಲು ಕಳೆ ತೆಗೆಯುವುದು. ಲಂಟಾನವನ್ನು ಮೇಲೆ ಕಡಿದರೆ ಮುಂದಿನ ಮಳೆಗೆ ದುಪ್ಪಟ್ಟು. ಬುಡದ ಸುತ್ತ ಕೆದಕಿ, ನೆಲಮಟ್ಟದಿಂದ ಎರಡು ಇಂಚು ಕೆಳಗೆ ತಾಯಿಬೇರನ್ನು ಕತ್ತರಿಸಿ, ಬುಡ ಮೇಲಾಗಿ ಮಗುಚಿ ಹಾಕಿ ಒಣಗಿಸಿ. ಕಾಯಿ ಹಣ್ಣಾಗುವ ಮೊದಲೇ ಈ ಕೆಲಸ ಆಗಲಿ. ಬಳ್ಳಾರಿ ಜಾಲಿಯ ಮೊಗ್ಗುಗಳು ನೆಲದೊಳಗಿನ ಬುಡದಲ್ಲೂ ಇರುತ್ತವೆ, ಅದಕ್ಕೆ ಒಂದು ಅಡಿ ಆಳಕ್ಕೆ ಅಗೆದು ಬೊಡ್ಡೆಯನ್ನೇ ಎತ್ತಬೇಕು. ಕಡಿದ ಜಾಲಿಯ ಮುಳ್ಳುಕೊಂಬೆ ಎಸೆಯಬೇಡಿ. ಕಾಯಿಗಳನ್ನೆಲ್ಲ ಕಿತ್ತು ತೆಗೆದು, ಕೊಂಬೆಯನ್ನು ಪೂರ್ವದ ಬದಿಗೆ ಒತ್ತಾಗಿ ಹಾಸಿ ಎರಡು ವರ್ಷದ ತಾತ್ಕಾಲಿಕ ಬೇಲಿ ಮಾಡಿಕೊಳ್ಳಿ. ಕಾಯಿ ಬಿಟ್ಟರೆ ಮೇಕೆ ತಿಂದು ಹಿಕ್ಕೆಯಲ್ಲಿ ಬೀಜ ಬಿತ್ತುತ್ತೆ.

ಟ್ರೆಂಚ್ ಅಗಲ 75 ಸೆಂಟಿಮೀಟರ್, ಆಳ 45. ಮಳೆಗೆ ಮೊದಲೇ, ಮಣ್ಣು ಒಣಗಿರುವಾಗ ತೋಡಿಸಿ. ಒದ್ದೆ ಮಣ್ಣಿನಲ್ಲಿ ಯಂತ್ರದ ಬಕೆಟ್ ಪಕ್ಕದ ಗೋಡೆಯನ್ನು ಸಾರಿಸಿದ ಹಾಗೆ ನುಣುಪು ಮಾಡುತ್ತೆ, ಬೇರು ಅದನ್ನು ಕೊರೆಯಲ್ಲ. ಹಾಗಾಗಿದ್ದರೆ ಪಿಕಾಸಿಯಿಂದ ಗೋಡೆ ಕೆರೆದು ಒರಟು ಮಾಡಿ. ತೋಡುವ ಮುನ್ನ ನೀರಿನ ಪೈಪು, ಕೇಬಲ್ ಎಲ್ಲಿ ಹಾದಿದೆ ಅಂತ ಜಾಗದ ಹೊಣೆ ಇರುವವರಿಂದ ಬರವಣಿಗೆಯಲ್ಲಿ ತಿಳಿದುಕೊಳ್ಳಿ.

ಮೇಲಿನ ಒಂದು ಗೇಣು ಮಣ್ಣನ್ನು ಒಂದು ಬದಿಗೆ, ಕೆಳಗಿನ ಗರಸನ್ನು ಇನ್ನೊಂದು ಬದಿಗೆ ಹಾಕಿಸಿ. ತುಂಬುವಾಗ ಗರಸು ಕೆಳಗೆ, ಮೇಲ್ಮಣ್ಣು ಮೇಲೆ. ಗೊಬ್ಬರ ಗಿಡಕ್ಕೆ ಎರಡು ಕಿಲೋ, ಅಂದರೆ ಒಟ್ಟು 800 ಕಿಲೋ, ಮೇಲ್ಮಣ್ಣಿಗೆ ಮಾತ್ರ ಬೆರೆಸಿ. ಗೊಬ್ಬರ ಪೂರ್ತಿ ಕಳಿತಿರಬೇಕು: ಹಿಡಿಯಲ್ಲಿ ತೆಗೆದುಕೊಂಡರೆ ಕಪ್ಪಗೆ ಪುಡಿಪುಡಿ, ಮಣ್ಣಿನ ವಾಸನೆ. ಸಗಣಿ ವಾಸನೆ ಬರುತ್ತಿದ್ದರೆ, ಹುಲ್ಲಿನ ಎಳೆ ಕಾಣುತ್ತಿದ್ದರೆ ಅದು ಗೆದ್ದಲಿಗೆ ಔತಣ. ತುಂಬಿದ ಮಣ್ಣು ಎರಡು ಮೂರು ಮಳೆಗೆ ಕುಸಿಯುತ್ತೆ, ಅದಕ್ಕೇ ಸುತ್ತಲಿನ ನೆಲಕ್ಕಿಂತ ನಾಲ್ಕು ಬೆರಳು ಎತ್ತರಕ್ಕೆ ಏರಿಸಿ. ನೀರು ನಿಲ್ಲುವ 15 ಮೀಟರಿನಲ್ಲಿ ಟ್ರೆಂಚ್ ಬೇಡ, ಅದು ಕೊಳ ಆಗುತ್ತೆ. ಅಲ್ಲಿ ಒಂದು ಅಡಿ ಎತ್ತರದ ಬದು ಕಟ್ಟಿ ಅದರ ಮೇಲೆ ನೆಡಿ.

ಸಸಿ ಆರಿಸುವಾಗ ಎತ್ತರಕ್ಕೆ ಮರುಳಾಗಬೇಡಿ. ಒಂದೂವರೆಯಿಂದ ಎರಡು ಅಡಿ, ಪೆನ್ಸಿಲ್ ದಪ್ಪ ಕಾಂಡ, ಆರರಿಂದ ಒಂಬತ್ತು ತಿಂಗಳ ಸಸಿ ಸಾಕು. ನಾಲ್ಕಡಿಯ ಸಸಿ ಸಣ್ಣ ಚೀಲದಲ್ಲಿದ್ದರೆ ತಳದಲ್ಲಿ ತಾಯಿಬೇರು ಶಾವಿಗೆಯಂತೆ ಸುತ್ತಿಕೊಂಡಿರುತ್ತೆ. ಒಂದೆರಡು ಚೀಲ ಸೀಳಿ ನೋಡಿಯೇ ಕೊಳ್ಳಿ. ತುಸು ಸುತ್ತಿದ್ದರೆ ತಳದ ಒಂದು ಇಂಚು ಬೇರುಗಂಟನ್ನು ಚೂರಿಯಿಂದ ಕತ್ತರಿಸಿ ನೆಡಬಹುದು, ಪೂರ್ತಿ ಸುತ್ತಿದ್ದರೆ ಬೇಡ ಅನ್ನಿ. ಚೀಲವನ್ನು ಪೂರ್ತಿ ತೆಗೆಯಬೇಕು. ಇದನ್ನೂ ಹೇಳಬೇಕಾ ಅನ್ನಬೇಡಿ, ಶ್ರಮದಾನದ ದಿನ ಐವತ್ತು ಜನ ಸೇರಿದಾಗ ಹತ್ತಾದರೂ ಗಿಡ ಚೀಲಸಮೇತ ಮಣ್ಣಿಗೆ ಹೋಗುತ್ತವೆ. ತೆಗೆದ ಚೀಲಗಳನ್ನು ಎಣಿಸಿ, ಸಸಿಯ ಲೆಕ್ಕಕ್ಕೆ ತಾಳೆ ನೋಡಿ.

ಲಕ್ಕಿ, ಆಡುಸೋಗೆಗೆ ಸಸಿ ಕೊಳ್ಳುವ ಅಗತ್ಯವೇ ಇಲ್ಲ. ಲಕ್ಕಿಯದು ಒಂದು ಗೇಣು ಉದ್ದದ, ಪೆನ್ಸಿಲ್ ದಪ್ಪದ ಬಲಿತ ಕಡ್ಡಿ. ಕೆಳಗೆ ಓರೆ, ಮೇಲೆ ನೇರ ಕತ್ತರಿಸಿ, ಆಗ ತಲೆಕೆಳಗಾಗಿ ಊರುವ ತಪ್ಪು ಆಗಲ್ಲ. ಮೂರರಲ್ಲಿ ಎರಡು ಪಾಲು ಮಣ್ಣೊಳಗೆ, ಒಂದು ಜಾಗಕ್ಕೆ ಎರಡು ಕಡ್ಡಿ.

ನೆಡುವ ಹೊತ್ತು: ಎರಡು ಮೂರು ಒಳ್ಳೆಯ ಮಳೆ ಬಿದ್ದು ಮಣ್ಣು ಒಂದು ಅಡಿ ಆಳಕ್ಕೆ ನೆಂದ ಮೇಲೆ. ಮೊದಲ ಮಳೆಗೇ ಆತುರಪಟ್ಟರೆ ನಡುವೆ ಬರುವ ಒಣವಾರಗಳಲ್ಲಿ ಸಸಿ ಬಾಡುತ್ತೆ. ಮಳೆಗಾಲದ ಕೊನೆಗೆ ನೆಟ್ಟರೆ ಬೇರು ಇಳಿಯುವ ಮೊದಲೇ ಬೇಸಿಗೆ.

ಕೆಂಪುಮಣ್ಣು:

ಎಲ್ಲರಿಗೂ ಧನ್ಯವಾದ, ಇಷ್ಟು ವಿವರ ಸಿಗುತ್ತೆ ಅಂದುಕೊಂಡಿರಲಿಲ್ಲ. ಮೂರು ಸಂಶಯ ಉಳಿದಿವೆ. ಒಂದು, ನೀರು ಟ್ಯಾಂಕರಿನಿಂದ ವಾರಕ್ಕೊಮ್ಮೆ ಮಾತ್ರ ಸಿಗುತ್ತೆ, ಸಾಕಾ? ಎರಡು, ಸಣ್ಣ ಗಿಡವನ್ನೇ ಕತ್ತರಿಸಬೇಕು ಅಂತಾರೆ, ಅದು ಹೌದಾ? ಮೂರು, ಪೂರ್ವದ ಬದಿಯಲ್ಲಿ ಹಳೆಯ ಬೇವಿನ ಮರದ ಕೆಳಗೆ ಆರು ಮೀಟರ್ ಬರುತ್ತೆ. ಅಲ್ಲಿಯೂ ಟ್ರೆಂಚ್ ಮಾಡಲಾ?

ಗುದ್ದಲಿ:

ವಾರಕ್ಕೊಮ್ಮೆ ಧಾರಾಳ, ದಿನಾ ಚಿಮುಕಿಸುವುದಕ್ಕಿಂತ ಮೇಲು. ಗಿಡಕ್ಕೆ 8 ಲೀಟರ್, ಒಂದು ಸರದಿಗೆ 3,200 ಲೀಟರ್. ದಿನಾ ಒಂದು ಚೊಂಬು ಹಾಕಿದರೆ ಬೇರು ಮೇಲೇ ಹರಡುತ್ತೆ, ಒಂದು ವಾರ ನೀರು ತಪ್ಪಿದರೆ ಗಿಡ ಮಲಗುತ್ತೆ. ಹನಿ ನೀರಾವರಿ ಮಾಡುವುದಾದರೆ ಗಂಟೆಗೆ 2 ಲೀಟರಿನ ಡ್ರಿಪ್ಪರ್, ನಾಲ್ಕು ಗಂಟೆ. ಉದ್ದದ ಪೈಪಿಗೆ ನೀರನ್ನು ನಡುವಿನಿಂದ ಕೊಡಿ, ಒಂದು ತುದಿಯಿಂದ ಕೊಟ್ಟರೆ ಕೊನೆಯ ಗಿಡಗಳಿಗೆ ಒತ್ತಡ ಸಿಗಲ್ಲ. ಎರಡನೇ ಬೇಸಿಗೆಗೆ ಹದಿನೈದು ದಿನಕ್ಕೊಮ್ಮೆ ಸಾಕು, ಮೂರನೆಯದಕ್ಕೆ ಗಿಡ ಬಾಡಿದರೆ ಮಾತ್ರ.

ನೀರಿನಷ್ಟೇ ಮುಖ್ಯ ಹೊದಿಕೆ. ಒಣ ಎಲೆ, ಹುಲ್ಲು ಮೂರು ನಾಲ್ಕು ಇಂಚು ದಪ್ಪ ಹಾಸಿ, ಆದರೆ ಕಾಂಡದ ಸುತ್ತ ನಾಲ್ಕು ಇಂಚು ಬರಿದಾಗಿ ಬಿಡಿ. ಹೊದಿಕೆ ಕಾಂಡಕ್ಕೆ ತಾಗಿದರೆ ಒಳಗೊಳಗೇ ಗೆದ್ದಲು ತೊಗಟೆ ಸುಲಿಯುತ್ತೆ, ಗಿಡ ಬಾಡಿದಾಗಲೇ ಗೊತ್ತಾಗುವುದು.

ಕತ್ತರಿ:

ಎರಡನೆಯ ಪ್ರಶ್ನೆಗೆ ಉತ್ತರ ಹೌದು. ಬೇಲಿ ಕೆಡುವುದೇ ಈ ಕೆಲಸಕ್ಕೆ ಮನಸ್ಸು ಬಾರದೆ. ತಲೆಯೆತ್ತರ ಬರಲಿ, ಆಮೇಲೆ ನೋಡೋಣ ಅಂತ ಬಿಟ್ಟರೆ ಮೇಲೆ ಕೊಡೆ, ಕೆಳಗೆ ಬೋಳು ಕಾಲು. ಮೇಕೆ ನುಗ್ಗುವುದು ಕೆಳಗಿನಿಂದ, ತಲೆಯಿಂದಲ್ಲ. ಒಮ್ಮೆ ಬುಡ ಬೋಳಾದರೆ ಮೇಲೆ ಎಷ್ಟೇ ಕತ್ತರಿಸಿದರೂ ಅದು ತುಂಬಲ್ಲ.

ಎಲ್ಲ ಗಿಡಕ್ಕೂ ಒಂದೇ ಅಳತೆ ಅಲ್ಲ, ಇದನ್ನು ಕೆಲಸಕ್ಕೆ ಬರುವ ಎಲ್ಲರಿಗೂ ಹೇಳಿ.

ಲಕ್ಕಿ: ನೆಟ್ಟು ಹೊಸ ಚಿಗುರು ಒಂದು ಗೇಣು ಬಂದ ಮೇಲೆ ಇಡೀ ಗಿಡವನ್ನು ನೆಲದಿಂದ ಒಂದು ಅಡಿಗೆ ಕತ್ತರಿಸಿ. ಬುಡದಿಂದ ನಾಲ್ಕೈದು ಕವಲು ಏಳುತ್ತವೆ. ಅವು ಮತ್ತೊಂದು ಅಡಿ ಬೆಳೆದಾಗ ಅರ್ಧಕ್ಕೆ ಕತ್ತರಿಸಿ. ಆಡುಸೋಗೆಗೂ ಹೀಗೆಯೇ.

ಕವಳೆ: ಮೊದಲ ವರ್ಷ ಕತ್ತರಿ ತಾಗಿಸಲೇಬೇಡಿ. ಒಂದೂವರೆ ಅಡಿ ದಾಟಿದ ಮೇಲೆ ತುದಿ ಮಾತ್ರ ಚಿವುಟಿ, ಅಲ್ಲಿಂದಾಚೆ ಒಂದು ಗೇಣು ಬೆಳೆದಾಗಲೆಲ್ಲ ಅರ್ಧ ಗೇಣು ತೆಗೆಯಿರಿ. ಬೇಲಿ ಅನ್ನಿಸಲು ಮೂರು ವರ್ಷ ಬೇಕು, ಆತುರ ಬೇಡ. ದಪ್ಪ ಕೈಗವಸು ಹಾಕಿಕೊಳ್ಳಿ. ಕತ್ತರಿಗೆ ಹತ್ತುವ ಹಾಲು ಗೋಂದಿನಂತೆ ಗಟ್ಟಿಯಾಗುತ್ತೆ, ಸೀಮೆಎಣ್ಣೆ ಬಟ್ಟೆಯಿಂದ ಆಗಾಗ ಒರೆಸುತ್ತಿರಬೇಕು.

ಬಂದರಿಕೆ: ಇದರಲ್ಲಿ ಹುಷಾರು. ಹಸಿರೆಲೆ ಇರುವ ಭಾಗದಲ್ಲಿ ಮಾತ್ರ, ಸ್ವಲ್ಪ ಸ್ವಲ್ಪವೇ. ಎಲೆ ಇಲ್ಲದ ಹಳೆ ಕಟ್ಟಿಗೆಯವರೆಗೆ ಕಡಿದರೆ ಮತ್ತೆ ಚಿಗುರುವ ಭರವಸೆ ಇಲ್ಲ. ಲಕ್ಕಿ ಕಡಿದ ಹುರುಪಿನಲ್ಲೇ ಬಂದರಿಕೆಯನ್ನೂ ಕಡಿದು ಸಾಲು ಒಣಗಿಸುವುದು ಎಲ್ಲ ಕಡೆ ಆಗುವ ತಪ್ಪು.

ಆಕಾರ: ಬುಡ ಅಗಲ, ತಲೆ ಕಿರಿದು. ಒಂದೂವರೆ ಮೀಟರ್ ಎತ್ತರದ ಬೇಲಿಗೆ ಬುಡದಲ್ಲಿ 1.2 ಮೀಟರ್, ತಲೆಯಲ್ಲಿ 80 ಸೆಂಟಿಮೀಟರ್. ಎರಡು ತುದಿಗೆ ಗೂಟ ಹೊಡೆದು, ಕೆಳಗೊಂದು ಮೇಲೊಂದು ದಾರ ಬಿಗಿದು ಅದರ ಗುಂಟ ಕತ್ತರಿಸಿ. ಬರೀ ಕಣ್ಣಳತೆಯಲ್ಲಿ ಕತ್ತರಿಸಿದರೆ ಕೈ ಸುಲಭವಾಗಿ ತಾಗುವ ಎದೆಮಟ್ಟದಲ್ಲಿ ಸೊಂಟ ಬಳುಕುತ್ತೆ, ತಲೆ ಅಗಲವಾಗುತ್ತೆ, ಬುಡಕ್ಕೆ ಬಿಸಿಲು ತಪ್ಪುತ್ತೆ.

ಹೊತ್ತು: ಕವಳೆಗೆ ಹಣ್ಣು ಮುಗಿದ ಮೇಲೆ, ಮಣ್ಣಿನಲ್ಲಿ ತೇವ ಇರುವಾಗಲೇ. ಬೇಸಿಗೆ ಹೊಸ್ತಿಲಲ್ಲಿ ಕತ್ತರಿಸಿದರೆ ಆ ವರ್ಷದ ಹೂವೂ ಹೋಗುತ್ತೆ, ಚಿಗುರೂ ಸುಡುತ್ತೆ. ಒಂದು ವರ್ಷ ಒಳಬದಿ, ಮುಂದಿನ ವರ್ಷ ಹೊರಬದಿ ಕತ್ತರಿಸಿ, ಆಗ ಇಡೀ ಬೇಲಿ ಒಮ್ಮೆಲೇ ಹೂ, ಹಣ್ಣಿಲ್ಲದೆ ನಿಲ್ಲಲ್ಲ. ಕತ್ತರಿ ಹಾಕುವ ಮುನ್ನ ಕೊಂಬೆ ಸರಿಸಿ ಗೂಡು ನೋಡಿ. ಪಿಕಳಾರದ ಬಟ್ಟಲಿನಂಥ ಗೂಡು ಸಾಮಾನ್ಯವಾಗಿ ನಮ್ಮ ಸೊಂಟದಿಂದ ತಲೆಯ ಮಟ್ಟದಲ್ಲೇ ಇರುತ್ತೆ. ಮೊಟ್ಟೆ ಇದ್ದರೆ ಆ ಎರಡು ಮೀಟರಿಗೆ ಬಟ್ಟೆ ಕಟ್ಟಿ ಗುರುತು ಮಾಡಿ, ಒಂದು ತಿಂಗಳು ಬಿಟ್ಟು ಬನ್ನಿ.

ಬದುಬೇಲಿ:

ರೋಗ, ಕೀಟದಲ್ಲಿ ನಿಜವಾಗಿ ಹೆದರಬೇಕಾದ್ದು ಒಂದಕ್ಕೆ: ಆಕಾಶಬಳ್ಳಿ. ಬೇಲಿಯ ಮೇಲೆ ಯಾರೋ ಹಳದಿ ದಾರದುಂಡೆ ಬಿಚ್ಚಿ ಎಸೆದ ಹಾಗೆ ಕಾಣುತ್ತೆ, ಎಲೆ ಇರಲ್ಲ. ಅದನ್ನು ಬಿಡಿಸಿ ಎಳೆಯಲು ಹೋಗಬೇಡಿ, ಬೆರಳುದ್ದದ ತುಂಡು ಉಳಿದರೂ ಮತ್ತೆ ಹಬ್ಬುತ್ತೆ. ಅದು ಸುತ್ತಿಕೊಂಡ ಕೊಂಬೆಯನ್ನೇ, ಒಂದು ಗೇಣು ಆಚೆಗೂ ಸೇರಿಸಿ, ಹೂ ಬಿಡುವ ಮೊದಲು ಕತ್ತರಿಸಿ ಗೋಣಿಚೀಲಕ್ಕೆ ತುಂಬಿ ಸುಟ್ಟುಬಿಡಿ. ಬೇಲಿಯ ಗುಂಟ ಎಳೆದುಕೊಂಡು ಹೋದರೆ ನೀವೇ ನೆಟ್ಟ ಹಾಗೆ.

ಹಿಟ್ಟುತಿಗಣೆ ಕಂಡರೆ ಪೈಪಿನ ರಭಸದ ನೀರು ಸಾಕು. ಬಿಡದಿದ್ದರೆ ಲೀಟರಿಗೆ 5 ಮಿಲಿಲೀಟರ್ ಬೇವಿನೆಣ್ಣೆಯನ್ನು ಸ್ವಲ್ಪ ಸೋಪಿನ ನೀರಲ್ಲಿ ಕದಡಿ ಸಂಜೆ ಸಿಂಪಡಿಸಿ. ತಂಗಡಿಯ ಎಲೆ ತಿನ್ನುವ ಹಸಿರು ಹುಳಕ್ಕೆ ಏನೂ ಹೊಡೆಯಬೇಡಿ, ಅವು ಹಳದಿ ಚಿಟ್ಟೆಯ ಮರಿಗಳು. ಗಿಡ ಬೋಳಾದರೂ ಹದಿನೈದು ದಿನದಲ್ಲಿ ಚಿಗುರುತ್ತೆ.

ನಾಲ್ಕನೇ ವರ್ಷದ ಹೊತ್ತಿಗೆ ತಂಗಡಿ ಸೊರಗಲು ಶುರುವಾಗುತ್ತೆ. ಕಿತ್ತು ತೆಗೆಯಿರಿ, ಆ ಜಾಗಕ್ಕೆ ಪಕ್ಕದ ಕವಳೆಯ ಉದ್ದ ಕೊಂಬೆ ಬಗ್ಗಿಸಿ ಕಟ್ಟಿದರೆ ಸಾಲು ಮುಚ್ಚುತ್ತೆ.

ಬೇಸಿಗೆಯಲ್ಲಿ ಬೇಲಿಯ ಹೊರಬದಿಗೆ ಒಂದು ಮೀಟರ್ ಅಗಲ ಒಣಹುಲ್ಲು ಕೆತ್ತಿ ಬರಿನೆಲ ಮಾಡಿಡಿ. ಎಸೆದ ಒಂದು ಬೀಡಿ ತುಂಡಿಗೆ ಮೂರು ವರ್ಷದ ಕೆಲಸ ಹೋಗುತ್ತೆ.

ನೆರಳು:

ಮೂರನೆಯ ಪ್ರಶ್ನೆ ಎಲ್ಲರೂ ಮರೆತರು. ಬೇವಿನ ಕೊಂಬೆ ಹರಡಿದಷ್ಟು ಜಾಗದಲ್ಲಿ ಟ್ರೆಂಚ್ ತೋಡಲೇಬೇಡಿ, ನೀರು ಹೀರುವ ಸಣ್ಣ ಬೇರುಗಳೆಲ್ಲ ಮೇಲಿನ ಒಂದು ಒಂದೂವರೆ ಅಡಿಯಲ್ಲೇ ಇರುತ್ತವೆ. ಅಲ್ಲಿ ಹಾರೆಯಿಂದ ಬೇರು ತಪ್ಪಿಸಿ ಸಣ್ಣ ತೂತು ಮಾಡಿ, ಆಡುಸೋಗೆಯ ಕಡ್ಡಿ ಊರಿ. ಹಾರೆ ಬೆರಳು ದಪ್ಪದ ಬೇರಿಗೆ ತಾಗಿದರೆ ಕಡಿಯದೆ ಅರ್ಧ ಅಡಿ ಪಕ್ಕಕ್ಕೆ ಸರಿಯಿರಿ. ಆ ಆರು ಮೀಟರಿನಲ್ಲಿ ಅಂತರ ಸಮವಾಗಿ ಬರಲ್ಲ, ಬರಬೇಕಾಗಿಯೂ ಇಲ್ಲ. ಆರು ಮೀಟರಿಗೆ 24ರ ಬದಲು 16 ಕಡ್ಡಿ ಸಾಕು. ಮರದ ಜೊತೆ ನೀರಿಗೆ ಪೈಪೋಟಿ ಇರುವುದರಿಂದ ಆ ಕಡ್ಡಿಗಳಿಗೆ ಮೊದಲ ಬೇಸಿಗೆಯಲ್ಲಿ 8ರ ಬದಲು 10 ಲೀಟರ್ ಕೊಡಿ.